ಹದಿಮೂರೂ ಊರು
ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರನ್ನು ಗೆಲ್ಲಿಸಿದ್ದು ಹಟ ಎಂದು ಎಲ್ಲರೂ ಬರೆದರು. ನನಗೆ ಕಂಡದ್ದು ಅವರ ಲೆಕ್ಕಾಚಾರ. ಏರೋಸ್ಪೇಸ್ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆ ಮೇಲೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕಣ್ಣು ಬಿದ್ದಿತ್ತು. ಒಮ್ಮೆ ಕೈಗಾರಿಕಾ ಪ್ರದೇಶವೆಂದು ಘೋಷಿಸಿ ಮಂಡಳಿಯ ಕಾಯ್ದೆಯ ಸೆಕ್ಷನ್ 28(1)ರ ಪ್ರಾಥಮಿಕ ಅಧಿಸೂಚನೆ ಹೊರಡಿಸಿದರೆ, 28(4)ರ ಅಂತಿಮ ಅಧಿಸೂಚನೆ ಬರುವುದು ಬರೀ ಹೊತ್ತಿನ ಪ್ರಶ್ನೆ. ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಡೇರಿಗೆ ಹಾಲು ಹಾಕುವ ಹಸು ಇವೆಲ್ಲ ಕಡತದಲ್ಲಿ ಬರೀ ಸರ್ವೆ ನಂಬರು. 2022ರಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. 2025ರ ಜೂನಿನಲ್ಲಿ ಸರ್ಕಾರ ಮೂರು ಹಳ್ಳಿಗಳ 495 ಎಕರೆ ಕೈಬಿಡುತ್ತೇವೆ ಎಂದಿತು. ಇಂಥ ಕಡೆಯೇ ಹೋರಾಟಗಳು ಮುರಿಯುವುದು. ಉಳಿದವರ ಜಮೀನು ಉಳಿದವರ ಹಣೆಬರಹ ಎಂದು ಮನೆಗೆ ಹೋಗುವವರು ಎಲ್ಲೆಡೆ ಇದ್ದಾರೆ. ಈ ರೈತರು ಮಾತ್ರ ‘ಬಿಟ್ಟರೆ ಹದಿಮೂರೂ ಊರು ಬಿಡಿ’ ಎಂದರು, ಪೊಲೀಸರು ಎಳೆದು ವ್ಯಾನಿಗೆ ಹತ್ತಿಸಿದಾಗಲೂ ಅದೇ ಮಾತು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟರು. ಜೊತೆಗೇ, ತಾವಾಗಿ ಕೊಡಲು ಬಂದವರ ಜಮೀನನ್ನು ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ ಎಂದೂ ಸೇರಿಸಿದರು. ಆ ಸಾಲನ್ನು ಸಂಭ್ರಮದಲ್ಲಿ ಯಾರೂ ಸರಿಯಾಗಿ ಓದಲಿಲ್ಲ; ಬೆಂಗಳೂರು ವಿಮಾನ ನಿಲ್ದಾಣದ ಮಗ್ಗುಲಲ್ಲಿ ಆ ಬೆಲೆ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರ ಜಗಳ ಹಚ್ಚೀತೋ.