ಬ್ರಷ್ಷಿಗೆ ಮುಚ್ಚಳ ಬೇಡ, ಗಾಳಿ ಬೇಕು



ಹಲ್ಲುಜ್ಜಿದ ಮೇಲೆ ನಿಮ್ಮ ಬ್ರಷ್ಷನ್ನು ಎಲ್ಲಿ ಇಡುತ್ತೀರಿ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಲೆಗಳಿಗೆ ಬಂದಾಗಲೆಲ್ಲ ನಾನು ಕೇಳುವ ಪ್ರಶ್ನೆ ಇದು. ‘ಬಚ್ಚಲ ಗೂಡಿನಲ್ಲಿ’ ಎನ್ನುವವರು ಕೆಲವರು. ‘ಸೋಪಿನ ಡಬ್ಬಿಯ ಪಕ್ಕ’ ಎನ್ನುವವರು ಇನ್ನು ಕೆಲವರು. ‘ಪ್ಲಾಸ್ಟಿಕ್ ಮುಚ್ಚಳ ಹಾಕಿ ಇಡುತ್ತೇವೆ’ ಎಂದು ಒಬ್ಬಿಬ್ಬರು ಹೆಮ್ಮೆಯಿಂದ ಹೇಳುತ್ತಾರೆ. ಅವರೇ ಎಲ್ಲರಿಗಿಂತ ಸ್ವಚ್ಛ ಎಂದು ಉಳಿದವರೂ ಒಪ್ಪಿಬಿಡುತ್ತಾರೆ. ಆದರೆ ನಾನು ಒಪ್ಪುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬ್ರಷ್ಷಿಗೆ ಮುಚ್ಚಳ ಹಾಕುವುದು ಒಳ್ಳೆಯ ಅಭ್ಯಾಸವಲ್ಲ. ಏಕೆಂದು ಹೇಳುತ್ತೇನೆ. ಓದಿ, ಪರೀಕ್ಷಿಸಿ ನೋಡಿ, ಆಮೇಲೆ ನೀವೇ ತೀರ್ಮಾನಿಸಿ.

ಬಾಯಿಯಿಂದ ಬ್ರಷ್ಷಿಗೆ

1683ರಲ್ಲಿ ಹಾಲೆಂಡಿನ ಆಂಟನಿ ವಾನ್ ಲೀವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಕೆರೆದು, ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿದ. ಅದರಲ್ಲಿ ಪುಟ್ಟ ಪುಟ್ಟ ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು! ಬೆರಗಾದ ಆತ ಈ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಅವು ಬ್ಯಾಕ್ಟೀರಿಯಗಳು. ಮನುಷ್ಯರ ಬಾಯಲ್ಲಿ ಇರಬಲ್ಲ ಬ್ಯಾಕ್ಟೀರಿಯಗಳಲ್ಲಿ ಸುಮಾರು 700 ಬಗೆಗಳಿವೆ ಎಂದು ಇಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬಹುಪಾಲು ನಿರುಪದ್ರವಿಗಳು. ಕೆಲವು ಮಾತ್ರ ತಂಟೆಕೋರರು. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಆಮ್ಲವು ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮೆಲ್ಲನ್ನು ಕರಗಿಸುತ್ತದೆ. ಹಲ್ಲು ಹುಳುಕಾಗುವುದು ಹೀಗೆ; ಹಲ್ಲಿನಲ್ಲಿ ನಿಜವಾದ ಹುಳು ಇರುವುದಿಲ್ಲ.

ನಾವು ಹಲ್ಲುಜ್ಜುವಾಗ ಈ ಬ್ಯಾಕ್ಟೀರಿಯಗಳು ಬ್ರಷ್ಷಿನ ಎಳೆಗಳಿಗೆ ಅಂಟಿಕೊಳ್ಳುತ್ತವೆ. ನಲ್ಲಿ ನೀರಿನಲ್ಲಿ ತೊಳೆದರೂ ಎಲ್ಲವೂ ಹೋಗುವುದಿಲ್ಲ. ಎಳೆಗಳ ಬುಡದಲ್ಲಿ ಒಂದಿಷ್ಟು ಆಹಾರದ ಕಣ, ಒಂದಿಷ್ಟು ನೀರು ಉಳಿಯುತ್ತದೆ. ಬ್ಯಾಕ್ಟೀರಿಯಗಳಿಗೆ ಇನ್ನೇನು ಬೇಕು?

ಅಡಿಕೆ ಕಲಿಸುವ ಪಾಠ

ಇದಕ್ಕೆ ಉತ್ತರ ನಿಮ್ಮ ಮನೆಯ ಅಂಗಳದಲ್ಲೇ ಇದೆ. ಅಡಿಕೆ ಸರಿಯಾಗಿ ಒಣಗದಿದ್ದರೆ ಏನಾಗುತ್ತದೆ? ಬೂಷ್ಟು ಹಿಡಿಯುತ್ತದೆ. ಹಲಸಿನ ಹಪ್ಪಳವನ್ನು ಬೇಸಿಗೆಯ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಡಬ್ಬಿಗೆ ತುಂಬುತ್ತಾರೆ. ಹಸಿ ಹಪ್ಪಳವನ್ನೇ ಡಬ್ಬಿಗೆ ಹಾಕಿ ಮುಚ್ಚಿದರೆ ಎರಡೇ ದಿನದಲ್ಲಿ ಕೆಡುತ್ತದೆ. ಏಕೆಂದರೆ ಸೂಕ್ಷ್ಮಜೀವಿಗಳು ಬೆಳೆಯಲು ನೀರು ಬೇಕೇ ಬೇಕು. ಒಣಗಿಸಿದರೆ ಅವುಗಳಲ್ಲಿ ಎಷ್ಟೋ ಸಾಯುತ್ತವೆ, ಉಳಿದವು ಹೆಚ್ಚಲಾರವು. ಡಬ್ಬಿಯ ಮುಚ್ಚಳ ಒಣಗಿದ್ದನ್ನು ಕಾಯುತ್ತದೆ, ಹಸಿಯಾದದ್ದನ್ನು ಕೊಳೆಸುತ್ತದೆ. ಹಪ್ಪಳಕ್ಕೆ ಅನ್ವಯಿಸುವ ನಿಯಮವೇ ಬ್ರಷ್ಷಿಗೂ ಅನ್ವಯಿಸುತ್ತದೆ.

ಮಂಗಳೂರಿನ ದಂತವೈದ್ಯಕೀಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಅವರು ಪರೀಕ್ಷಿಸಿದ ಬಳಸಿದ ಬ್ರಷ್ಷುಗಳಲ್ಲಿ ಶೇಕಡಾ 70ರಷ್ಟರಲ್ಲಿ ಸೂಕ್ಷ್ಮಜೀವಿಗಳು ಹೇರಳವಾಗಿದ್ದವು. ಮುಚ್ಚಳ ಹಾಕಿದ ಬ್ರಷ್ಷುಗಳಲ್ಲಿ ತೇವವನ್ನು ಇಷ್ಟಪಡುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಬೆಳೆದಿತ್ತು. ರಕ್ಷಣೆಗೆಂದು ಹಾಕಿದ ಮುಚ್ಚಳ ಬ್ಯಾಕ್ಟೀರಿಯಕ್ಕೆ ಮನೆಯಾಯಿತು!

ಇನ್ನೊಂದು ಸಂಗತಿ ಕೇಳಿ. ಹಿಂದೆ ಬ್ರಷ್ಷಿನ ಎಳೆಗಳನ್ನು ಹಂದಿಯ ಗಟ್ಟಿ ಕೂದಲಿನಿಂದ ಮಾಡುತ್ತಿದ್ದರು. ಅವು ಬೇಗ ಒಣಗುತ್ತಿರಲಿಲ್ಲ. 1938ರಲ್ಲಿ ನೈಲಾನ್ ಎಳೆಗಳ ಬ್ರಷ್ ಮಾರುಕಟ್ಟೆಗೆ ಬಂತು. ನೈಲಾನ್ ಬೇಗ ಒಣಗುತ್ತದೆ. ಅದಕ್ಕೆ ಮತ್ತೆ ಮುಚ್ಚಳ ಹಾಕಿದರೆ ಆ ಲಾಭವನ್ನು ನಾವೇ ಕಳೆದುಕೊಂಡಂತೆ.

ಹೆದರಬೇಕೆ?

ಬೇಡ. ಬ್ಯಾಕ್ಟೀರಿಯ ಎಂದ ಕೂಡಲೇ ಬ್ರಷ್ಷನ್ನು ಎಸೆಯಬೇಡಿ, ಹಲ್ಲುಜ್ಜುವುದನ್ನಂತೂ ಬಿಡಲೇಬೇಡಿ. ನಿಮ್ಮ ಬ್ರಷ್ಷಿನಲ್ಲಿರುವವು ಹೆಚ್ಚಾಗಿ ನಿಮ್ಮದೇ ಬಾಯಿಯವು. ಆರೋಗ್ಯವಂತರ ದೇಹ ಮತ್ತು ಜೊಲ್ಲು ಅವುಗಳನ್ನು ಹತೋಟಿಯಲ್ಲಿಡುತ್ತವೆ. ತಮ್ಮದೇ ಬ್ರಷ್ಷಿನಿಂದ ಆರೋಗ್ಯವಂತರು ಕಾಯಿಲೆ ಬಿದ್ದರು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದ್ದರಿಂದ ಬ್ರಷ್ ಶುದ್ಧಮಾಡುವ ದುಬಾರಿ ದ್ರಾವಣಗಳಾಗಲಿ ಯಂತ್ರಗಳಾಗಲಿ ನಮಗೆ ಬೇಕಿಲ್ಲ. ಕುದಿಯುವ ನೀರಿನಲ್ಲಿ ಅದ್ದಿದರೆ ಎಳೆಗಳು ಸೊಟ್ಟಗಾಗುತ್ತವೆ.

ನಿಜವಾಗಿ ಹೆದರಬೇಕಾದದ್ದು ಒಂದೇ ಬ್ರಷ್ಷನ್ನು ಇಬ್ಬರು ಬಳಸುವುದಕ್ಕೆ. ಅಕ್ಕನ ಬ್ರಷ್ಷಿನಲ್ಲಿ ತಮ್ಮ ಹಲ್ಲುಜ್ಜಿದರೆ ಒಬ್ಬರ ಬಾಯಿಯ ಸೂಕ್ಷ್ಮಜೀವಿಗಳು ಇನ್ನೊಬ್ಬರ ಬಾಯಿ ಸೇರುತ್ತವೆ. ಒಸಡಿನಿಂದ ರಕ್ತ ಬರುತ್ತಿದ್ದರಂತೂ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಕೂಡ ಹೀಗೆ ಹರಡಬಹುದು. ಮನೆಯಲ್ಲಿ ಮಕ್ಕಳಷ್ಟು ಬ್ರಷ್ಷುಗಳಿಲ್ಲದಿದ್ದರೆ ಅದು ನಾಚಿಕೆಯ ವಿಷಯವಲ್ಲ, ಆದರೆ ಹಂಚಿಕೊಳ್ಳಬೇಡಿ. ಹೊಸ ಬ್ರಷ್ ಬರುವವರೆಗೆ ತೊಳೆದ ಬೆರಳಿಗೆ ಪೇಸ್ಟ್ ಹಚ್ಚಿ ಉಜ್ಜಿ. ಅಥವಾ ಅಜ್ಜ ಅಜ್ಜಿಯರು ಬಳಸುತ್ತಿದ್ದ ಬೇವಿನ ಎಳೆ ಕಡ್ಡಿಯ ತುದಿಯನ್ನು ಜಗಿದು ಮೆತ್ತಗೆ ಉಜ್ಜಿ. ಕಡ್ಡಿಯನ್ನು ಅಂದೇ ಎಸೆಯುವುದರಿಂದ ಅದರಲ್ಲಿ ನಾಳೆಗೆ ಬ್ಯಾಕ್ಟೀರಿಯ ಉಳಿಯುವ ಪ್ರಶ್ನೆಯೇ ಇಲ್ಲ! ಆದರೆ ಉಮಿಕರಿ, ಇಟ್ಟಿಗೆ ಪುಡಿ ಬೇಡ. ಅವು ಎನಾಮೆಲ್ಲನ್ನು ಸವೆಸುತ್ತವೆ.

‘ಜಿರಲೆ ಬರುತ್ತದಲ್ಲ?’

ಕೊಪ್ಪದ ಕಡೆಯ ಮಕ್ಕಳಿಂದ ನಾನು ಹೆಚ್ಚು ಕೇಳಿದ ಆಕ್ಷೇಪಣೆ ಇದು. ನ್ಯಾಯವಾದ ಮಾತು. ತೆರೆದಿಟ್ಟ ಬ್ರಷ್ಷಿನ ಮೇಲೆ ಜಿರಲೆ, ಇರುವೆ ಓಡಾಡಬಹುದು. ಹಾಗೆಂದು ಗಾಳಿಯಾಡದ ಮುಚ್ಚಳ ಹಾಕಬೇಕಿಲ್ಲ. ಬ್ರಷ್ಷುಗಳನ್ನು ಒಂದಕ್ಕೊಂದು ತಾಗದಂತೆ ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಿ, ಮೇಲೆ ಸೊಳ್ಳೆಪರದೆಯ ತೊಳೆದ ತುಂಡೊಂದನ್ನು ಹೊದಿಸಿ. ಗಾಳಿ ಆಡುತ್ತದೆ, ಜಿರಲೆ ಬರುವುದಿಲ್ಲ. ಲೋಟವನ್ನು ಒದ್ದೆ ಬಚ್ಚಲಲ್ಲಿ ಇಡುವ ಬದಲು ಗಾಳಿಯಾಡುವ ಕಿಟಕಿಯ ಬಳಿ ಇಡಿ. ಶೌಚಾಲಯ ಮತ್ತು ಸ್ನಾನದ ಮನೆ ಒಂದೇ ಆಗಿದ್ದರಂತೂ ಬ್ರಷ್ ಅಲ್ಲಿ ಬೇಡವೇ ಬೇಡ. ಊರಿಗೆ ಹೋಗುವಾಗ ಚೀಲದಲ್ಲಿ ಮುಚ್ಚಳ ಇರಲಿ, ತಲುಪಿದ ಕೂಡಲೇ ತೆಗೆಯಿರಿ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು, ನೀರನ್ನು ಕೊಡವಿ. ಮೂರು ನಾಲ್ಕು ತಿಂಗಳಿಗೊಮ್ಮೆ, ಎಳೆಗಳು ಬಾಗಿದ್ದರೆ ಅದಕ್ಕೂ ಮೊದಲೇ, ಬ್ರಷ್ ಬದಲಿಸಿ.

ಮಾಡಿ ನೋಡಿ

ಒಂದೇ ಬಗೆಯ ಮೂರು ಹಳೆಯ ಬ್ರಷ್ಷುಗಳನ್ನು ತೆಗೆದುಕೊಳ್ಳಿ. ಮೂರನ್ನೂ ರಾತ್ರಿ ನೀರಿನಲ್ಲಿ ಅದ್ದಿ ಕೊಡವಿ. ಒಂದನ್ನು ಲೋಟದಲ್ಲಿ ತೆರೆದು ನಿಲ್ಲಿಸಿ. ಎರಡನೆಯದಕ್ಕೆ ಮುಚ್ಚಳ ಹಾಕಿ. ಮೂರನೆಯದನ್ನು ಬಚ್ಚಲಲ್ಲಿ ಮಲಗಿಸಿಡಿ. ಬೆಳಿಗ್ಗೆ ಪ್ರತಿಯೊಂದನ್ನೂ ಹಳೆಯ ದಿನಪತ್ರಿಕೆಯ ಮೇಲೆ ಒತ್ತಿ. ಯಾವುದರಿಂದ ಒದ್ದೆ ಕಲೆ ಬಿತ್ತು? ಒಂದು ವಾರ ಬರೆದಿಡಿ. ಪ್ರಯೋಗ ಮುಗಿದ ಮೇಲೆ ಈ ಬ್ರಷ್ಷುಗಳಿಂದ ಹಲ್ಲುಜ್ಜಬೇಡಿ.

ಇದೇ ಪ್ರಯೋಗವನ್ನು ಜುಲೈಯಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ಮಾಡಿ. ಶೃಂಗೇರಿಯ ಜಡಿಮಳೆಯಲ್ಲಿ ಏನಾಯಿತು, ನರಸಿಂಹರಾಜಪುರದಲ್ಲಿ ಏನಾಯಿತು ಎಂದು ಹೋಲಿಸಿ ನೋಡಿ. ನಿಮ್ಮ ಫಲಿತಾಂಶ ನನ್ನ ಮಾತಿಗೆ ವಿರುದ್ಧವಾಗಿ ಬಂದರೆ ಮುಚ್ಚಿಡಬೇಡಿ; ನಿಮ್ಮ ವಿಜ್ಞಾನ ಶಿಕ್ಷಕರ ಮುಂದೆ ಇಡಿ. ಯಾರೋ ಹೇಳಿದರೆಂದು ಒಪ್ಪುವುದಕ್ಕಿಂತ ನೀವೇ ನೋಡಿ ತಿಳಿಯುವುದು ಲೇಸು.