ಮೀನಿಗೂ ಮೂಗುಂಟು

ಕಳೆದ ದೀಪಾವಳಿ ರಜೆಯಲ್ಲಿ ಟಿ.ಬಿ. ಡ್ಯಾಂನಲ್ಲಿರುವ ಪರಿಚಿತರ ಮನೆಗೆ ಹೋಗಿದ್ದೆ. ಒಂಬತ್ತನೇ ತರಗತಿಯ ಅವರ ಮಗ ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟ. ಒಳಗೆ ಥೇಟ್ ಎರೆಹುಳುವಿನಂತೆ ಬಳುಕುವ ಪ್ಲಾಸ್ಟಿಕ್ ಹುಳುಗಳು. ಮೂಗಿಗೆ ಹಿಡಿದರೆ ಒಣಮೀನಿನ ವಾಸನೆ. ಅಮೆರಿಕದಲ್ಲಿರುವ ಸೋದರಮಾವ ಕಳಿಸಿದ್ದಂತೆ. ಅಲ್ಲಿ ಕಡಲಂಚಿನ ತೆಳು ನೀರಿನಲ್ಲಿ ಇವನ್ನು ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುತ್ತಾರೆ.

"ಇದಕ್ಕ ನಮ್ಮ ಡ್ಯಾಂ ಮೀನು ಬೀಳ್ತಾವೇನ್ರೀ ಸರ?" ಎಂದು ಕೇಳಿದ. "ಬರೋ ವರ್ಷ ಎಸ್ಸೆಸ್ಸೆಲ್ಸಿ. ಇವಗ ಮೀನಿನ ಚಿಂತಿ!" ಎಂದು ಒಳಗಿನಿಂದ ಅವನ ತಂದೆ ಗೊಣಗಿದರು. ಇಬ್ಬರ ಮಾತಿಗೂ ಉತ್ತರ ಹೇಳಬೇಕಾಯಿತು.

ಮೀನಿಗೆ ಮೂಗಿನ ಹೊಳ್ಳೆಗಳಿವೆ, ಆದರೆ ಅವು ಉಸಿರಾಟಕ್ಕಲ್ಲ. ಮುಂದಿನ ರಂಧ್ರದಿಂದ ಒಳಬಂದ ನೀರು ಮಡಿಕೆಮಡಿಕೆಯಾದ ಪದರದ ಮೇಲೆ ಹರಿದು ಹಿಂದಿನ ರಂಧ್ರದಿಂದ ಹೊರಹೋಗುತ್ತದೆ. ಆ ಪದರವೇ ವಾಸನೆಯನ್ನು ಹಿಡಿಯುತ್ತದೆ. ಮೀಸೆಯುಳ್ಳ ಮೀನುಗಳಿಗಂತೂ ಮೀಸೆಯ ಮೇಲೂ ಮೈಚರ್ಮದ ಮೇಲೂ ರುಚಿ ಗುರುತಿಸುವ ಮೊಗ್ಗುಗಳಿವೆ. ಮಳೆಗಾಲದಲ್ಲಿ ಕೆಂಪು ನೀರು ಬಂದು ಕಣ್ಣಿಗೆ ಏನೂ ಕಾಣದಿದ್ದಾಗ ಇವೇ ಅವುಗಳ ದಾರಿದೀಪ.

ಈ ಮೂಗು ಎಷ್ಟು ಚುರುಕು ಗೊತ್ತೇ? 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ನದಿ ಏರುತ್ತಿದ್ದ ಸಾಲ್ಮನ್ ಮೀನುಗಳ ದಾರಿಗೆ ಮನುಷ್ಯರು ಕೈ ತೊಳೆದ ನೀರನ್ನು ಬಿಟ್ಟು ನೋಡಿದರು. ಮೀನುಗಳು ಬೆದರಿ ಹಿಂಜರಿದವು. ನಮ್ಮ ಚರ್ಮದಲ್ಲಿರುವ ಒಂದು ಅಮೈನೋ ಆಮ್ಲವೇ ಅದಕ್ಕೆ ಕಾರಣವೆಂದು ಮುಂದೆ ತಿಳಿಯಿತು.

ಇನ್ನು ಪ್ಲಾಸ್ಟಿಕ್ ಹುಳು. 1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಎಂಬಾತ ಹೆಂಡತಿಯೊಂದಿಗೆ ಮನೆಯಲ್ಲೇ ಇಂತಹ ಹುಳುವನ್ನು ಎರಕಹೊಯ್ದ. ಗಟ್ಟಿಯಾದ ಮರ, ಲೋಹದ ಹುಸಿಮೀನನ್ನು ಕಚ್ಚಿದ ಮೀನು ತಕ್ಷಣ ಉಗಿದುಬಿಡುತ್ತದೆ. ಮೆತ್ತಗಿದ್ದು, ವಾಸನೆಯೂ ಇದ್ದರೆ ಒಂದೆರಡು ಕ್ಷಣ ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಗಾಳ ಎಳೆಯುವವನಿಗೆ ಆ ಒಂದೆರಡು ಕ್ಷಣವೇ ಸಾಕು.

ಮರುದಿನ ಬೆಳಿಗ್ಗೆ ಹಿನ್ನೀರಿನ ಅಂಚಿಗೆ ಹೋದೆವು. ಕಾವಲಿಗೆಂದು ತಂದೆಯೂ ಬಂದರು. ಅಲ್ಲಿ ಪರವಾನಗಿ ಇದ್ದ ಮೀನುಗಾರ ಅಜ್ಜ ಸಿಕ್ಕರು. ಜಲಾಶಯದಲ್ಲಿ ಮನಬಂದಂತೆ ಮೀನು ಹಿಡಿಯುವಂತಿಲ್ಲವಾದ್ದರಿಂದ ಹುಡುಗ ಅವರ ಶಿಷ್ಯನಾದ. ಬೇಸಿಗೆಯಲ್ಲಿ ಕುರಿ ದನ ಮೇಯುವ ಬಯಲು ಅದು. ಮುಂಗಾರಿನಲ್ಲಿ ನೀರೇರಿ ಹುಲ್ಲು ಮುಳುಗಿದಾಗ ಹುಳುಹುಪ್ಪಟೆ ಹೊರಬರುತ್ತವೆ. ಅವನ್ನು ಹುಡುಕಿ ಮೀನು ಮೊಣಕಾಲುದ್ದದ ನೀರಿಗೂ ಬರುತ್ತದೆ.

ಪ್ಲಾಸ್ಟಿಕ್ ಹುಳುವಿಗೆ ಒಂದು ಗಂಟೆಯಾದರೂ ಏನೂ ಬೀಳಲಿಲ್ಲ. ಅಜ್ಜ ನಕ್ಕು ಗೋಧಿಹಿಟ್ಟು, ಶೇಂಗಾ ಹಿಂಡಿ, ಚೂರು ಬೆಲ್ಲ ಕಲಸಿದರು. ನೀರಿನಲ್ಲಿ ಬೇಗ ಕರಗದಿರಲೆಂದು ಹತ್ತಿಯ ಎಳೆ ಸೇರಿಸಿ ಉಂಡೆ ಮಾಡಿದರು. ಹುಡುಗ ಎರಡು ನಿಮಿಷಕ್ಕೊಮ್ಮೆ ಗಾಳ ಎತ್ತತೊಡಗಿದಾಗ, "ತಮ್ಮಾ, ಹಂಗ ಎತ್ತಿ ಎತ್ತಿ ನೋಡಬ್ಯಾಡ. ವಾಸನಿ ಹರಡಾಕ ಹೊತ್ತು ಬೇಕು" ಎಂದರು. ಅರ್ಧ ಗಂಟೆಯಲ್ಲಿ ಅಂಗೈಯಗಲದ ಎರಡು ಮೀನು ಸಿಕ್ಕವು.

ಹಾಗಾದರೆ ಪ್ಲಾಸ್ಟಿಕ್ ಹುಳು ಸುಳ್ಳೇ? ಅಲ್ಲ. ಓಡುವ ಬೇಟೆಯನ್ನು ಅಟ್ಟಿ ನುಂಗುವ ಮೀನುಗಳಿಗಾಗಿ ಮಾಡಿದ್ದು ಅದು. ನಮ್ಮ ಕೊರಮೀನು, ಬಾಳೆ ಮೀನು ಆ ಜಾತಿಯವು. ರೋಹು, ಮೃಗಾಲ್‌ಗಳು ಪಾಚಿ, ಕೊಳೆತ ಸೊಪ್ಪು ತಿನ್ನುವ ಸಾಧುಗಳು. ಅವಕ್ಕೆ ಹಿಂಡಿಯೇ ಪ್ರಿಯ. ಯಾರ ಮನೆಗೆ ಊಟಕ್ಕೆ ಕರೆಯುತ್ತೇವೆಂದು ತಿಳಿಯದೆ ಅಡುಗೆ ಮಾಡಬಾರದು, ಅಷ್ಟೆ!

ಪಾಲಕರ ಅಂಜಿಕೆಯೂ ಸುಳ್ಳಲ್ಲ. ಕಟ್ಟುವಾಗ ಸುಮಾರು 133 ಟಿ.ಎಂ.ಸಿ. ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 105ರ ಆಸುಪಾಸಿಗೆ ಇಳಿದಿದೆ. ಮೇಲೆ ಒಣಗಿದಂತೆ ಕಾಣುವ ಆ ಹೂಳಿನಲ್ಲಿ ಕಾಲು ಹೂತುಹೋಗಬಹುದು. ಅಣೆಕಟ್ಟೆಯ ಕೆಳಗಂತೂ ನೀರಿಗೆ ಇಳಿಯಲೇಬಾರದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದು ನೆನಪಿರಲಿ. ಹಂಪಿಯ ಕಡೆ ಹೊಳೆಯಲ್ಲಿ ಮೊಸಳೆಗಳೂ ಇವೆ. ಹಿರಿಯರಿಲ್ಲದೆ ಹೋಗಬೇಡಿ.

ನಮ್ಮಿಂದ ಹೊಳೆಗೂ ಅಪಾಯವಾಗಬಾರದು. ಪ್ಲಾಸ್ಟಿಕ್ ಹುಳು ಕೊಳೆಯುವುದಿಲ್ಲ. ಮೀನಿನ ಹೊಟ್ಟೆ ಸೇರಿದರೆ ಅಲ್ಲೇ ಉಳಿಯಬಹುದು. ಬಿಟ್ಟುಬಂದ ನೈಲಾನ್ ದಾರ ಹಕ್ಕಿಯ ಕಾಲಿಗೋ ನೀರುನಾಯಿಯ ಕೊರಳಿಗೋ ಉರುಳು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿಸಿದ್ದಾರೆ.

ಮಕ್ಕಳೇ, ಗಾಳವಿಲ್ಲದೆಯೂ ಈ ಪಾಠ ಕಲಿಯಬಹುದು. ಎರಡು ತೆಳು ಬಟ್ಟೆಯ ಗಂಟು ಮಾಡಿ, ಒಂದರಲ್ಲಿ ಹಿಂಡಿ, ಇನ್ನೊಂದರಲ್ಲಿ ಮರಳು ತುಂಬಿ. ಮೀನಿರುವ ತೊಟ್ಟಿಯ ಎರಡು ಮೂಲೆಗೆ ಇಳಿಬಿಡಿ. ಯಾವುದರ ಬಳಿ ಎಷ್ಟು ನಿಮಿಷಕ್ಕೆ ಎಷ್ಟು ಮೀನು ಬಂದವೆಂದು ಬರೆದಿಡಿ. ಮರುದಿನ ಮೂಲೆ ಅದಲುಬದಲು ಮಾಡಿ ನೋಡಿ. ಪ್ರಯೋಗವೆಂದರೆ ಇದೇ.

ಅಂದು ಮನೆಗೆ ಬಂದ ಹುಡುಗ ನೋಟ್‌ಬುಕ್ಕಿನಲ್ಲಿ ಹೊತ್ತು, ನೀರಿನ ಆಳ, ಹಾಕಿದ ಎರೆ, ಸಿಕ್ಕ ಮೀನು ಎಂದು ನಾಲ್ಕು ಸಾಲು ಗೀಚಿ ತುಂಬತೊಡಗಿದ. ಯಾರೂ ಹೇಳಿರಲಿಲ್ಲ. ತಂದೆ ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅಜ್ಜ ಹಿಂಡಿ ಎಷ್ಟು ಹಾಕಿದ್ರಲೇ? ಅದನ್ನೂ ಬರಕೊ."