ಬೆಳಗಿನ ಆ ಒಂದು ಗಂಟೆ

ಅಕ್ಕತಂಗಿಯರೇ, ಈ ಸಲ ಉಪ್ಪಿನಕಾಯಿ, ಹಪ್ಪಳ ಎಲ್ಲ ಬದಿಗಿಟ್ಟು ನಿಮ್ಮನ್ನ ಅಡುಗೆಮನೆಯಿಂದ ಸ್ವಲ್ಪ ಆಚೆ ಕರೀತೀನಿ. ಆಚೆ ಅಂದರೆ ನಮ್ಮ ನಡುಮನೆಗೆ, ಅಷ್ಟೇ.

ಹೋದ ವರ್ಷದಿಂದ ನಮ್ಮ ನಡುಮನೆಯಲ್ಲಿ ಬೆಳಗಿನ ಐದಕ್ಕೇ ದೀಪ ಉರಿಯುತ್ತೆ. ನನ್ನ ಓರಗಿತ್ತಿ ಒಂದು ಹಳೇ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾಳೆ. ಕೋಡಿಂಗ್ ಕಲಿಯೋದು. ಅಂದರೆ ಕಂಪ್ಯೂಟರು ಏನು ಮಾಡಬೇಕು ಅಂತ ಅದಕ್ಕೆ ತಿಳಿಯೋ ಭಾಷೆಯಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದುಕೊಡೋದು. ಎಂಟೂಕಾಲಿನ ಬಸ್ಸಿಗೆ ಹೊರಟರೆ ಸಂಜೆ ಏಳಕ್ಕೆ ಮನೆ ಸೇರುವವಳು ಅವಳು. ಒಂದು ಖಾಸಗಿ ಕಚೇರಿಯಲ್ಲಿ ಬಿಲ್ಲು ಬರೆಯುವ ಕೆಲಸ. "ಇಡೀ ದಿನ ದುಡಿಯೋದು ಸಾಲದೇನಮ್ಮಾ, ಮತ್ತೆ ಓದು ಬೇರೆ?" ಅಂತ ಅತ್ತೆ ಕೇಳಿಯೇಬಿಟ್ಟರು. ನಾನು ಬಾಯಿಬಿಟ್ಟು ಕೇಳಲಿಲ್ಲ, ಪಾತ್ರೆ ಕೈಲಿ ಕೇಳಿಸಿದೆ. ಸುಳ್ಳು ಯಾಕೆ ಹೇಳಲಿ, ಮೊದಲ ಹದಿನೈದು ದಿನ ಬೇಕಂತಲೇ ಕುಕ್ಕಿದೀನಿ. ಅದುವರೆಗೆ ಆ ಹೊತ್ತಿಗೆ ಕಾಯಿ ತುರಿಯೋಳು, ಡಬ್ಬಿಗಳಿಗೆ ತರಕಾರಿ ಹೆಚ್ಚೋಳು ಅವಳೇ. ಅವಳಿಗೆ ಸಿಕ್ಕ ಆ ಒಂದು ಗಂಟೆ ನನ್ನ ಸೊಂಟದಿಂದ ಬಂದದ್ದು!

ಒಂದು ರಾತ್ರಿ ಅವಳೇ ಬಂದು ಪಕ್ಕದಲ್ಲಿ ಕೂತಳು. "ಅಕ್ಕಾ, ಆಫೀಸಿಗೆ ಹೊಸ ಸಾಫ್ಟ್‌ವೇರ್ ತಂದಿದಾರೆ. ನನ್ನ ಪಕ್ಕ ಕೂರ್ತಿದ್ದ ಇಬ್ಬರಿಗೆ ನಾಳೆಯಿಂದ ಬರಬೇಡಿ ಅಂದರು. ಬರೀ ಬಿಲ್ಲು ಕುಟ್ಟುತ್ತಾ ಕೂತರೆ ಮುಂದಿನ ಸರದಿ ನಂದೇ" ಅಂದಳು. ಹೀಗಂದವಳ ಮುಂದೆ ಪಾತ್ರೆ ಕುಕ್ಕೋದು ಹ್ಯಾಗೆ ಹೇಳಿ? ಮರುದಿನವೇ ಕೆಲಸ ಹಂಚಿಕೊಂಡೆವು. ತರಕಾರಿ ರಾತ್ರಿಯೇ ಹೆಚ್ಚಿಡೋದು, ಕಾಯಿ ತುರಿಯೋದು ಮೈದುನನ ಪಾಲಿಗೆ. ತುರಿಮಣೆ ಮೇಲೆ ಕೂರೋಕೆ ಮೊದಲು ಅವನಿಗೆ ಬಿಗುಮಾನ. ಈಗ ನನಗಿಂತ ಸಣ್ಣಗೆ ತುರೀತಾನೆ.

ಅವಳು ಕಲೀತಿರೋದು ಪೈಥಾನ್ ಅನ್ನೋ ಭಾಷೆ. ಹೆಬ್ಬಾವಿಗೂ ಅದಕ್ಕೂ ಸಂಬಂಧವಿಲ್ಲ. ಹಾಲೆಂಡಿನ ಗೈಡೊ ವಾನ್ ರಾಸಮ್ ಅನ್ನೋರು 1991ರಲ್ಲಿ ಹೊರತಂದದ್ದು. ತಮಗೆ ಇಷ್ಟವಾದ 'ಮಾಂಟಿ ಪೈಥಾನ್' ಅನ್ನೋ ಬ್ರಿಟಿಷ್ ಹಾಸ್ಯ ಕಾರ್ಯಕ್ರಮದ ಹೆಸರನ್ನೇ ಇಟ್ಟರಂತೆ. ಅದಕ್ಕೆ ಕಾಸು ಕೊಡಬೇಕಿಲ್ಲ. ಪಾಠವೂ ಪುಕ್ಕಟೆಯಾಗಿ ಸಿಗುತ್ತೆ ಅನ್ನೋದು ಇವಳಿಗೆ ತಡವಾಗಿ ಗೊತ್ತಾಯ್ತು. ಮೂರು ತಿಂಗಳಲ್ಲಿ ಕೆಲಸ ಗ್ಯಾರಂಟಿ ಅಂದವರಿಗೆ ಒಂದು ತಿಂಗಳ ಸಂಬಳ ಸುರಿದು, ಒಂದು ಕಟ್ಟು ಹಾಳೆ ಹೊತ್ತುಕೊಂಡು ಬಂದಿದ್ದಳು. ನೀವು ಹಾಗೆ ಮಾಡಬೇಡಿ. ಕೇಂದ್ರ ಸರ್ಕಾರದ 'ಸ್ವಯಂ'ನಲ್ಲಿ ಐಐಟಿ ಮೇಷ್ಟರ ಪಾಠಗಳೇ ಇವೆ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯೋದಾದರೆ ಮಾತ್ರ ಶುಲ್ಕ. ಇವಳು ಹಿಡಿದದ್ದು ರೋಪಡ್ ಐಐಟಿಯವರ ಹನ್ನೆರಡು ವಾರದ ಪಾಠ. ಇವಳಿಗೆ ಏಳು ತಿಂಗಳು ಹಿಡೀತು. ತಿಂಗಳ ಕೊನೆಯ ಲೆಕ್ಕ, ಮಗೂ ಜ್ವರ, ಗೌರಿ ಹಬ್ಬ. ನಿಮಗೆ ಬಿಡಿಸಿ ಹೇಳಬೇಕೇ?

ಮೊದಮೊದಲು ರಾತ್ರಿ ಊಟವಾದ ಮೇಲೆ ಕೂರ್ತಿದ್ದಳು. ಹತ್ತು ನಿಮಿಷಕ್ಕೆ ತೂಕಡಿಕೆ. ಪಾಠ ನೋಡುವಾಗ ಎಲ್ಲಾ ಅರ್ಥವಾದ ಹಾಗೇ ಇರ್ತಿತ್ತಂತೆ, ಬೆಳಗಾದರೆ ತಲೆ ಖಾಲಿ. ಟೀವಿಯಲ್ಲಿ ಒಬ್ಬಟ್ಟು ತಟ್ಟೋದು ನೋಡಿದರೆ ನಮ್ಮ ಕೈಗೆ ಬರುತ್ಯೇ? ಆಮೇಲೆ ಬೆಳಗಿಗೆ ಬದಲಾಯಿಸಿದಳು. ಇಪ್ಪತ್ತು ನಿಮಿಷ ನೋಡೋದು, ನಲವತ್ತು ನಿಮಿಷ ತಾನೇ ಕುಟ್ಟೋದು. ಸಾಲಿನ ಮುಂದೆ ಬಿಡೋ ಜಾಗ ಒಂದಿಷ್ಟು ಹೆಚ್ಚುಕಡಿಮೆಯಾದರೂ ಪೈಥಾನ್ ಮುನಿಸಿಕೊಂಡು ಪರದೆ ತುಂಬಾ ತಪ್ಪು ತೋರಿಸುತ್ತೆ. ಅತ್ತದ್ದೂ ಉಂಟು. ಆಮೇಲೆ ಕಂಡುಕೊಂಡಳು, ಎಲ್ಲಕ್ಕಿಂತ ಕೆಳಗಿನ ಸಾಲನ್ನ ಮೊದಲು ಓದಬೇಕು ಅಂತ. ತಪ್ಪೇನು ಅನ್ನೋದು ಅಲ್ಲಿರುತ್ತೆ, ಯಾವ ಸಾಲಿನಲ್ಲಿ ಅನ್ನೋದು ಅದರ ಮೇಲೆ. ಇಂಥ ತಪ್ಪಿಗೆ ಅವರ ಕಡೆ 'ಬಗ್' ಅಂತಾರೆ, ಹುಳ. 1947ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತು. ಅದನ್ನ ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದಾರೆ. ಅಕ್ಕಿಯಲ್ಲಿ ಹುಳ ಕಂಡರೆ ನಾವು ಅಳ್ತೀವಾ, ಆರಿಸ್ತೀವಿ.

ಒಂದು ದಿನ ಕಾಫಿ ಕೊಡೋಕೆ ಹೋದೆ. ಪರದೆ ಮೇಲೆ ಗೆರೆ ಎಳೆಯೋ ಪಾಠ. ಅದರಲ್ಲೊಂದು ಆಮೆ ಇರುತ್ತೆ. ನೂರು ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು, ಹೀಗೆ 4 ಸಲ ಮಾಡು ಅಂದರೆ ಚೌಕ ಬರೆಯುತ್ತೆ. ಇವಳಿಗೆ ಐದು ಮೂಲೆಯ ನಕ್ಷತ್ರ ಬೇಕಿತ್ತು. ಒಂದು ಸುತ್ತು 360, ಐದರಿಂದ ಭಾಗಿಸಿ 72 ಅಂತ ಕೊಟ್ಟಿದ್ದಳು. ನಕ್ಷತ್ರದ ಬದಲು ಐದು ಬದಿಯ ಮನೆ ಬಂದು ಕೂತಿತ್ತು. ನಾನು ಎಸ್ಸೆಸ್ಸೆಲ್ಸಿಯವಳು, ಡಿಗ್ರಿ ಎಲ್ಲ ಮರೆತಿದೆ. ಆದರೆ ಮೂವತ್ತು ವರ್ಷ ರಂಗೋಲಿ ಹಾಕಿದ ಕೈ ನೋಡಿ. "ಪಕ್ಕದ ಚುಕ್ಕಿಗೇ ಯಾಕೆ ಹೋಗ್ತಿದೀಯೇ? ನಕ್ಷತ್ರಕ್ಕೆ ಒಂದು ಚುಕ್ಕಿ ಬಿಟ್ಟು ಅದರಾಚೆಯದಕ್ಕೆ ಹೋಗಬೇಕು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. 72 ಅಳಿಸಿ ಅದರ ಎರಡರಷ್ಟು, 144 ಅಂತ ಕುಟ್ಟಿದಳು. ಆಮೆ ಸರಸರ ಓಡಿ ನಕ್ಷತ್ರ ಬರೆದೇಬಿಡ್ತು! ಕಾಫಿ ಇಬ್ಬರದೂ ಆರಿಹೋಯ್ತು.

ಕಚೇರಿ ಸುದ್ದಿ ಹೇಳದಿದ್ದರೆ ನೀವು ಬಿಡೋದಿಲ್ಲ. ತಿಂಗಳ ಕೊನೆಗೆ ಯಾವ ಗಿರಾಕಿಯಿಂದ ಎಷ್ಟು ಬರಬೇಕು ಅಂತ ಕೂಡಿಸೋಕೆ ಅವಳಿಗೆ ಎರಡು ದಿನ ಬೇಕಿತ್ತು. ಅದಕ್ಕೊಂದು ಪ್ರೋಗ್ರಾಂ ಬರೆದಳು. ಮೊದಲ ಸಲ ಲೆಕ್ಕ ಕೂಡಲಿಲ್ಲ. ಯಾರೋ ಹೆಸರಿನ ಕೊನೆಗೊಂದು ಖಾಲಿ ಜಾಗ ಬಿಟ್ಟದ್ದಕ್ಕೆ ಒಬ್ಬನೇ ಗಿರಾಕಿ ಇಬ್ಬರಾಗಿದ್ದ. ಅದನ್ನ ಹಿಡಿಯೋಕೆ ನಾಲ್ಕು ಬೆಳಗು ಹೋದವು. ಈಗ ಕಾಫಿ ಕುಡಿಯೋಷ್ಟರಲ್ಲಿ ಪಟ್ಟಿ ಸಿದ್ಧ. ಸಂಬಳ ಒಂದು ರೂಪಾಯಿಯೂ ಏರಿಲ್ಲ. ಕೆಲಸ ಹೋಗಿಯೂ ಇಲ್ಲ.

ಚುಕ್ಕಿ ರಂಗೋಲಿಯನ್ನೂ ಆ ಆಮೆ ಕೈಲಿ ಬರೆಸಿಕೊಡೇ ಅಂತ ಮೊನ್ನೆ ಕೇಳಿದೆ. "ನಾನ್ಯಾಕೆ ಬರೀಲಿ, ಭಾನುವಾರ ನೀವೇ ಕೂತ್ಕೊಳ್ಳಿ ಅಕ್ಕಾ" ಅಂದಳು. ಕನ್ನಡಕ ಒರೆಸಿಟ್ಟು ಐದಕ್ಕೆ ಅಲಾರಂ ಇಟ್ಟಿದೀನಿ. ಅವತ್ತಿನ ಕಾಫಿ, ತಿಂಡಿ ಯಾರ ಪಾಲಿಗೆ ಅಂತ ಮಾತ್ರ ಇವರಿಗಿನ್ನೂ ಹೇಳಿಲ್ಲ.